ವಿಮಾನದ ಎಡ, ಬಲ ಮತ್ತು ಎಡವಟ್ಟು

"ಇನ್ನು ಆರೇ ತಿಂಗಳು! ನಾನೊಂದು ವಿಮಾನ ಕಟ್ಟಿ, ಹಾರಿಸಿ, ಆಕಾಶದಲ್ಲಿ ಅದರ ಕೈಲಿ ಲಾಗ ಹಾಕಿಸಿ ತೋರಿಸ್ತೀನಿ!"

ಒಂದು ಭಾನುವಾರ ಬೆಳಗ್ಗೆ ಊಟದ ಮೇಜಿನ ಮುಂದೆ ಎದ್ದು ನಿಂತು, ಕೈಯಲ್ಲಿದ್ದ ಚಮಚವನ್ನೇ ಮೈಕಿನಂತೆ ಹಿಡಿದು ನಾನು ಹೀಗೆ ಘೋಷಿಸಿದೆ. ಈಗ ಆ ಮಾತು ನೆನೆದರೆ ಸಾಕು, ಸೊಂಟ ಹಿಡಿದುಕೊಳ್ಳುತ್ತದೆ. ಘೋಷಣೆ ಮಾಡುವುದಕ್ಕೆ ಅರ್ಧ ನಿಮಿಷ ಸಾಕು, ಅದನ್ನು ಹೊತ್ತು ತಿರುಗುವುದಕ್ಕೆ ಒಂದು ಜನ್ಮ ಬೇಕು ಎಂದು ಆಗ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಅನ್ನಿ.

"ಹಾರಿಸೋದು ಅಂದ್ರೆ? ನೀವು ಅದರೊಳಗೆ ಕೂತ್ಕೊಂಡು ಹೋಗ್ತೀರಾ?" ಎಂದು ಹೆಂಡತಿ ಕೇಳಿದಳು. ಅವಳ ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಒಂದಿಷ್ಟು ಆಸೆ ಇತ್ತೇನೋ ಎಂದು ನನಗೆ ಈಗಲೂ ಅನುಮಾನ.

"ಇಲ್ಲ ಕಣೇ! ರಿಮೋಟ್ ವಿಮಾನ. ನಾನು ನೆಲದ ಮೇಲೆ, ಅದು ಆಕಾಶದಲ್ಲಿ."

"ಓ, ಆಟದ ಸಾಮಾನು."

"ಆಟದ ಸಾಮಾನಾ? ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎಂಟೂವರೆ ಅಡಿ! ಮೂತಿಯಲ್ಲಿ ಪೆಟ್ರೋಲ್ ಇಂಜಿನ್! ಅದು ಮಲಗಿಕೊಂಡೂ ಹಾರುತ್ತೆ, ತಲೆಕೆಳಗಾಗಿಯೂ ಹಾರುತ್ತೆ!"

"ಸರಿ ರೀ. ನಮ್ಮ ಮನೇಲಿ ದೊಡ್ಡ ಗಾಡಿ ಓಡಿಸೋರು ಇಬ್ಬರು ಇದ್ದೀವಿ. ಮೂರನೆಯವರು ನೀವಾಗ್ತೀರಿ ಅಂತ ಅನ್ಕೊಂಡಿರಲಿಲ್ಲ ಅಷ್ಟೇ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಅವಳು ಹೇಳಿದ್ದು ನಿಜ. ಅವಳು ನಗರದ ಬಸ್ ಓಡಿಸುತ್ತಾಳೆ. ಅವಳ ಅಪ್ಪ, ಅಂದರೆ ನಮ್ಮ ಮಾವ, ಬಂದರಿನಲ್ಲಿ ಮೂವತ್ತನಾಲ್ಕು ವರ್ಷ ಕ್ರೇನ್ ಓಡಿಸಿದವರು. ಹತ್ತು ಮಹಡಿ ಎತ್ತರದ ಗಾಜಿನ ಗೂಡಿನಲ್ಲಿ ಕೂತು, ಲಾರಿಯಷ್ಟು ಉದ್ದದ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ ದಡಕ್ಕೆ ಇಳಿಸುತ್ತಿದ್ದರು. ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ಬಂದರು. ನೆಲಕ್ಕೆ ಇಳಿದ ಮೇಲೆ ಏನು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೋ ಏನೋ, ದಿನವಿಡೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅದರಲ್ಲಿ ಎರಡು "ಬೇಡಮ್ಮ", ಇನ್ನೆರಡು "ಸಾಕಮ್ಮ".

ನಾನೋ, ಕನ್ನಡಕದ ಅಂಗಡಿಯವನು. ಇಪ್ಪತ್ತೆರಡು ವರ್ಷಗಳಿಂದ ಗಾಜು ಉಜ್ಜುತ್ತ, ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿಗೆ ತಲೆನೋವು ಬರಿಸುವ ಕೆಲಸವನ್ನು ಒಂದೂ ತಲೆನೋವಿಲ್ಲದೆ ಮಾಡಿಕೊಂಡು ಬಂದವನು. ಅಂಥವನಿಗೆ ನಾಲ್ಕು ಕಡ್ಡಿ ಜೋಡಿಸಿ ವಿಮಾನ ಮಾಡುವುದು ಯಾವ ಮಹಾ!

ನಾಲ್ಕು ಕಡ್ಡಿ ಎಂದೆನಲ್ಲ, ಪೆಟ್ಟಿಗೆ ಬಂದಾಗ ಎಣಿಸಿದೆ. ಆರುನೂರ ಹದಿನೆಂಟು ತುಂಡು! ಹತ್ತಿಯಷ್ಟು ಹಗುರ ಮರದ ಪಟ್ಟಿಗಳು, ಉಗುರಿನಗಲದ ಪಕ್ಕೆಲುಬುಗಳು. ಜೊತೆಗೊಂದು ನಕ್ಷೆ. ಬಿಡಿಸಿ ಹಾಸಿದರೆ ಅದು ನಡುಮನೆಯ ಗೋಡೆಯಿಂದ ಹೊರಟು ಅಡುಗೆಮನೆಯ ಹೊಸ್ತಿಲು ದಾಟಿತು.

ಅಂದಿನಿಂದ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ರೆಕ್ಕೆಯ ಬಲ ಅರ್ಧ ಮೇಜಿನ ಮೇಲೆ, ಎಡ ಅರ್ಧ ಸೋಫಾದ ಮೇಲೆ, ಎಂಟಡಿಯ ಒಡಲು ಎರಡು ಎತ್ತರದ ಸ್ಟೂಲುಗಳ ಮೇಲೆ. ನಾವು ಮೂವರು ಮೂರು ಮೂಲೆಗಳಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ನೀರು ಬೇಕಾದರೆ ವಿಮಾನದ ಕೆಳಗೆ ಬಗ್ಗಿ ಹೋಗಬೇಕು. ಮಾವನವರು ಒಂದು ದಿನವೂ ತಲೆ ತಗುಲಿಸಿಕೊಳ್ಳಲಿಲ್ಲ. ನಾನು ದಿನಕ್ಕೆರಡು ಸಲ ತಗುಲಿಸಿಕೊಂಡೆ.

ಆರು ತಿಂಗಳು ಎಂದಿದ್ದು ಹನ್ನೊಂದಾಯಿತು. ಸಂಜೆ ಅಂಗಡಿ ಮುಚ್ಚಿ ಬರುವುದು, ಅಂಟು ಹಚ್ಚುವುದು, ಉಜ್ಜುವುದು, ಕೆಮ್ಮುವುದು. ಒಂದು ಸಲ ಬಲ ರೆಕ್ಕೆಯನ್ನು ಎತ್ತಿದರೆ ಮೇಜೂ ಜೊತೆಗೇ ಎದ್ದಿತು! ಅಂಟು ಕಾಗದ ದಾಟಿ ಮೇಜಿಗೇ ಇಳಿದಿತ್ತು. ಜಗ್ಗಿದೆ. ಮೇಜಿನ ಮೇಲ್ಪದರ ಒಂದು ಗೇಣು ಕಿತ್ತು ಬಂತು. ಕೆರೆದು ತೆಗೆಯಲು ನೋಡಿ ಸೋತು, ಕೊನೆಗೆ ಅದನ್ನೂ ರೆಕ್ಕೆಯೊಳಗೇ ಸೇರಿಸಿ ಮುಚ್ಚಿಬಿಟ್ಟೆ.

ಆಮೇಲೆ ಇಸ್ತ್ರಿ ಪ್ರಕರಣ. ರೆಕ್ಕೆಗೆ ಹೊದಿಸಲು ತೆಳ್ಳನೆಯ ಕೆಂಪು ಪ್ಲಾಸ್ಟಿಕ್ ಹಾಳೆ ಕೊಟ್ಟಿರುತ್ತಾರೆ. ಬಿಸಿ ತಾಗಿಸಿದರೆ ಮರಕ್ಕೆ ಅಂಟಿಕೊಂಡು ಬಿಗಿಯಾಗುತ್ತದೆ. ಅದಕ್ಕೆಂದೇ ಪುಟ್ಟ ಇಸ್ತ್ರಿ ಪೆಟ್ಟಿಗೆ ಬರುತ್ತದಂತೆ. ಮನೆಯಲ್ಲಿ ಒಂದು ಇರುವಾಗ ಇನ್ನೊಂದೇಕೆ? ಹೆಂಡತಿಯ ಇಸ್ತ್ರಿ ಪೆಟ್ಟಿಗೆಯನ್ನೇ ಎತ್ತಿಕೊಂಡೆ. ಬಿಸಿ ಸ್ವಲ್ಪ ಜಾಸ್ತಿಯಾಯಿತು. ಹಾಳೆ ಕರಗಿ ಪೆಟ್ಟಿಗೆಯ ತಳಕ್ಕೆ ಮೆತ್ತಿಕೊಂಡಿತು. ಒರೆಸಿದೆ. ಹೋಯಿತು ಎಂದುಕೊಂಡೆ.

ಮರುದಿನ ಸಂಜೆ ಹೆಂಡತಿ ಬಸ್ಸಿನ ಪಾಳಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು. ಸಮವಸ್ತ್ರದ ಎಡ ತೋಳಿನ ಮೇಲೆ ಎರಡು ಕೆಂಪು ಪಟ್ಟಿ ಫಳಫಳ ಹೊಳೆಯುತ್ತಿದ್ದವು.

"ಏನಿದು?" ಎಂದೆ, ಏನೂ ಅರಿಯದವನಂತೆ.

"ಡಿಪೋದಲ್ಲೂ ಎಲ್ಲಾ ಅದನ್ನೇ ಕೇಳಿದ್ರು. ಬಡ್ತಿ ಸಿಕ್ತಾ ಅಂತ! ಮ್ಯಾನೇಜರ್ ಬೇರೆ ಎದ್ದು ನಿಂತ್ಕೊಂಡ್ರು. ಆಮೇಲೆ ಹತ್ತಿರ ಬಂದು ಮುಟ್ಟಿ ನೋಡಿ, ಮೂರು ದಿನ ಟೀ ಕುಡಿಯೋವಾಗೆಲ್ಲಾ ನಗೋಷ್ಟು ಸಾಮಾನು ಸಿಕ್ತು ಅವರಿಗೆ."

"ತೊಳೆದ್ರೆ ಹೋಗುತ್ತೆ ಬಿಡೇ."

"ಡಿಪೋದಲ್ಲೇ ಎರಡು ಸಲ ತೊಳೆದೆ. ಹೋಗಲ್ಲ. ನಿಮ್ಮ ರೆಕ್ಕೆ ಬಿದ್ದುಹೋದ್ರೂ ನನ್ನ ಪಟ್ಟಿ ಬೀಳಲ್ಲ ರೀ."

ಇಷ್ಟರ ನಡುವೆ ಮಾಡೆಲ್ ವಿಮಾನಗಳ ಸಂಘಕ್ಕೆ ಹೋಗಿ ಬಂದೆ. ಊರ ಹೊರಗೊಂದು ಹುಲ್ಲುಗಾವಲು, ಒಂದು ತಗಡಿನ ಚಪ್ಪರ, ಅದರ ಕೆಳಗೆ 'ಕ್ಯಾಪ್ಟನ್'. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಆದರೆ ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ಕ್ಯಾಪ್ಟನ್ ಎಂದೇ. ನನ್ನ ವಿಮಾನದ ಅಳತೆ ಕೇಳಿ ಅವರು ಬಾಯಿ ತೆರೆದರು. ಹಲ್ಲುಗಳು ಚೆನ್ನಾಗಿದ್ದವು.

"ಇದಕ್ಕೆ ಮೊದಲು ಎಷ್ಟು ಹಾರಿಸಿದ್ದೀರಿ ಸಾರ್?"

"ಇದೇ ಮೊದಲು."

"ಹಾಗಾದ್ರೆ ಚಿಕ್ಕದೊಂದು ತಗೊಂಡು ಕಲೀರಿ. ಕೊನೇ ಪಕ್ಷ ಇದನ್ನಾದ್ರೂ ತಗೊಂಡು ಹೋಗಿ" ಎಂದು ಒಂದು ತಂತಿ, ರಿಮೋಟಿನಂಥದೇ ಒಂದು ಡಬ್ಬಿ, ಒಂದು ಸಿ.ಡಿ. ಕೊಟ್ಟರು. ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯ ಮೇಲೆ ವಿಮಾನ ಹಾರಿಸಿ ಅಭ್ಯಾಸ ಮಾಡಬಹುದಂತೆ. ಎಷ್ಟು ಸಲ ಬಿದ್ದರೂ ಮುರಿಯುವುದಿಲ್ಲವಂತೆ.

ನನ್ನ ಸ್ವಾಭಿಮಾನಕ್ಕೆ ಪೆಟ್ಟಾಯಿತು. ನಿಜವಾದ ವಿಮಾನ ಕಟ್ಟುತ್ತಿರುವವನಿಗೆ ವಿಡಿಯೋ ಗೇಮ್! ಮನೆಗೆ ತಂದು ಕಂಪ್ಯೂಟರ್ ಮೇಜಿನ ಡ್ರಾಯರಿಗೆ ಎಸೆದು ಮರೆತೆ.

ಅದಾದ ಎರಡು ವಾರಕ್ಕಿರಬೇಕು, ಮಾವನವರು ಒಂದು ಸಂಜೆ ಕುರ್ಚಿ ಬಿಟ್ಟು ಎದ್ದು ಬಂದು ನನ್ನ ಪಕ್ಕ ನಿಂತರು. ನಾನು ಬಾಲದ ತುಂಡಿಗೆ ಅಂಟು ಹಚ್ಚುತ್ತಿದ್ದೆ.

"ಅಳಿಯಂದ್ರೇ, ಅದು ನಮ್ಮ ಕಡೆಗೆ ಬರೋವಾಗ ಎಡ ಬಲ ಹೇಗೆ?"

"ಹೇಗೆ ಅಂದ್ರೆ? ಎಡ ಎಡನೇ, ಬಲ ಬಲನೇ ಮಾವ!" ಎಂದು ನಕ್ಕೆ. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಇಲ್ಲಿ ಉಸಿರು ಬಿಡಬೇಡಿ, ಅಂಟು ಒಣಗ್ತಾ ಇದೆ."

ಅವರು ಉಸಿರು ಬಿಡದೆ ಹಿಂದೆ ಸರಿದು ಕುರ್ಚಿಗೆ ಹೋದರು. ಅವತ್ತು ಹೆಂಡತಿ ಪಾತ್ರೆ ತೊಳೆಯುತ್ತ ಹೇಳಿದಳು: "ಏಳೆಂಟು ತಿಂಗಳಿಂದ ಆ ಮರದ ತುಂಡನ್ನ ರಾಜಾ, ಬಂಗಾರಾ ಅಂತ ಮಾತಾಡಿಸ್ತಿದ್ದೀರಿ. ಅಪ್ಪನನ್ನ ಒಂದು ಸಲ ಮಾತಾಡಿಸಿ. ದಿನದಿಂದ ದಿನಕ್ಕೆ ಸಣ್ಣಗಾಗ್ತಿದ್ದಾರೆ." ನಾನು "ಹೂಂ" ಎಂದೆ. ನನ್ನ ಮನಸ್ಸೆಲ್ಲ ಬಾಲದ ಮೇಲಿತ್ತು.

ಕೊನೆಗೂ ಆ ಭಾನುವಾರ ಬಂತು. ಬಾಡಿಗೆ ವ್ಯಾನು ಕೆಳಗೆ ಬಂದು ನಿಂತಿತು. ಓಡಿಸುವವಳು ಹೆಂಡತಿ. ನಾವಿರುವುದು ಮೂರನೇ ಮಹಡಿ. ರೆಕ್ಕೆಗಳನ್ನು ಬಿಚ್ಚಿ ಮೆಟ್ಟಿಲ ಮೇಲಿಂದ ಇಳಿಸಿದ್ದಾಯಿತು. ಒಡಲು ಮಾತ್ರ ಮೆಟ್ಟಿಲ ತಿರುವಿನಲ್ಲಿ ತಿರುಗಲಿಲ್ಲ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹೇಗೋ ಬಿಡಿಸಿಕೊಂಡು ಲಿಫ್ಟಿಗೆ ತಂದೆವು. ಬಾಲ ಕೆಳಗೆ, ಮೂತಿ ಮೇಲೆ ಮಾಡಿ ಓರೆಯಾಗಿ ನಿಲ್ಲಿಸಿದರೆ ಸರಿಯಾಗಿ ಹಿಡಿಸಿತು. ನಾನು ಹಿಡಿಸಲಿಲ್ಲ.

"ನೀನು ಒಬ್ಬನೇ ಇಳಿ ರಾಜಾ, ಕೆಳಗೆ ಸಿಗ್ತೀನಿ" ಎಂದು ಕೈ ಮಾತ್ರ ಒಳಗೆ ತೂರಿಸಿ ಸೊನ್ನೆಯ ಗುಂಡಿ ಒತ್ತಿ, ಮೆಟ್ಟಿಲುಗಳ ಮೇಲೆ ಎರಡೆರಡು ಹಾರುತ್ತ ಕೆಳಗೋಡಿದೆ.

ಕೆಳಗೆ ಲಿಫ್ಟು ಬರಲಿಲ್ಲ. ಬಾಗಿಲ ಮೇಲಿನ ಅಂಕಿ ನೋಡಿದೆ. ನಾಲ್ಕು... ಐದು... ಆರು... ಏಳು!

ಅವಸರದಲ್ಲಿ ನಾನು ಯಾವ ಗುಂಡಿ ಒತ್ತಿದ್ದೆನೋ! ಅಂತೂ ನನ್ನ ವಿಮಾನದ ಚೊಚ್ಚಲ ಹಾರಾಟ ಮೂರನೇ ಮಹಡಿಯಿಂದ ಏಳನೇ ಮಹಡಿಗೆ ಯಶಸ್ವಿಯಾಗಿ ನೆರವೇರಿತು. ಅಲ್ಲಿ ಲಿಫ್ಟಿಗೆ ಕಾಯುತ್ತಿದ್ದವರು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಬಾಗಿಲು ತೆರೆದರೆ ಎರಡೂಕಾಲು ಅಡಿ ಫ್ಯಾನಿನ ಕೆಂಪು ಮೂತಿಯೊಂದು ಮೇಲಿನಿಂದ ಅವರನ್ನೇ ದಿಟ್ಟಿಸುತ್ತಿದೆ! ಅವರು ಕೂಗಿದ್ದು ನಮಗೆ ಲಿಫ್ಟು ಇಳಿಯುವ ಬಾವಿಯೊಳಗಿಂದ ಸ್ಪಷ್ಟವಾಗಿ ಕೇಳಿಸಿತು. ಏಳು ಮಹಡಿ ಹತ್ತಿ ಕ್ಷಮೆ ಕೇಳುವಷ್ಟರಲ್ಲಿ ನನ್ನ ಇಂಜಿನ್ ಬಿಸಿಯಾಗಿ ಹೊಗೆ ಬರುತ್ತಿತ್ತು. ಲಿಫ್ಟಿನಲ್ಲಿ ಗ್ಯಾಸ್ ಸಿಲಿಂಡರ್, ಮಂಚ, ನಾಯಿ ಸಾಗಿಸಬಾರದು ಎಂಬ ಫಲಕದ ಕೊನೆಯಲ್ಲಿ ಈಗ 'ವಿಮಾನ' ಎಂದೂ ಸೇರಿದೆ. ಬೇರೆ ಯಾವ ಕಟ್ಟಡಕ್ಕಿದೆ ಈ ಭಾಗ್ಯ!

ಹುಲ್ಲುಗಾವಲಿನಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಮಾವನವರಿಗೆ ಚಪ್ಪರದ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸಿದಳು ಹೆಂಡತಿ. ಕ್ಯಾಪ್ಟನ್ ವಿಮಾನದ ಸುತ್ತ ಎರಡು ಸುತ್ತು ಬಂದು ಪ್ರತಿ ತಿರುಪನ್ನೂ ಅಲ್ಲಾಡಿಸಿ ನೋಡಿದರು.

"ಕಟ್ಟಿರೋದು ಮಾತ್ರ ಅದ್ಭುತ ಸಾರ್. ಮೊದಲನೇ ಸಲ ನಾನು ಹಾರಿಸಿ ಕೊಡಲಾ?"

"ಬೇಡ. ಹೆತ್ತವನೇ ಹಾರಿಸಬೇಕು" ಎಂದೆ ಎದೆಯುಬ್ಬಿಸಿ.

ಇಂಜಿನ್ ಗುಡುಗಿತು. ರಿಮೋಟಿನ ಎರಡು ಕಡ್ಡಿಗಳ ಮೇಲೆ ಎರಡು ಹೆಬ್ಬೆರಳಿಟ್ಟೆ. ಎಡಗಡ್ಡಿ ಮೇಲಕ್ಕೆ ನೂಕಿದೆ. ವಿಮಾನ ಹತ್ತು ಹೆಜ್ಜೆ ಓಡಿ ಚಂಗನೆ ನೆಗೆಯಿತು! ನೆಟ್ಟಗೆ ಮೇಲಕ್ಕೆ! ಚಪ್ಪಾಳೆ! ಹನ್ನೊಂದು ತಿಂಗಳ ಕೆಮ್ಮು, ಸೊಂಟನೋವು, ಹೆಂಡತಿಯ ಮಾತು ಎಲ್ಲವೂ ಹಗುರಾಗಿ ಹಾರಿಹೋದವು. ಒಟ್ಟು ಹನ್ನೊಂದು ಸೆಕೆಂಡು ನಾನು ಮಹಾಪುರುಷನಾಗಿದ್ದೆ. ಹನ್ನೆರಡನೆಯದರಲ್ಲಿ ವಿಮಾನ ತಿರುಗಿ ನನ್ನ ಕಡೆಗೇ ಹೊರಟಿತು.

ಎಡಕ್ಕೆ ಒತ್ತಿದೆ. ಅದು ಬಲಕ್ಕೆ ಹೋಯಿತು. ಬಲಕ್ಕೆ ಒತ್ತಿದೆ. ಎಡಕ್ಕೆ ಹೋಯಿತು.

"ಕಾರುಗಳ ಕಡೆ ಹೋಗ್ತಿದೆ! ಎಡಕ್ಕೆ ತಿರುಗಿಸಿ ಸಾರ್!" ಕ್ಯಾಪ್ಟನ್ ಕೂಗಿದರು.

"ಯಾರ ಎಡಕ್ಕೆ?"

"ವಿಮಾನದ ಎಡ!"

"ಅಂದ್ರೆ ನನ್ನ ಬಲನಾ?"

"ಚರ್ಚೆ ಆಮೇಲೆ ಮಾಡೋಣ, ಈಗ ತಿರುಗಿಸಿ!"

ಎರಡೂ ಕಡ್ಡಿಗಳನ್ನು ಸಿಕ್ಕಸಿಕ್ಕ ಕಡೆ ತಿರುಗಿಸಿದೆ. ವಿಮಾನ ಒಂದು ಲಾಗ ಹಾಕಿ, ಮಗುಚಿಕೊಂಡು, ಅಡ್ಡಡ್ಡ ಮಲಗಿ, ಚಪ್ಪರದ ತಗಡಿನ ಮೇಲೆ ಮೂರು ಗೇಣು ಅಂತರದಲ್ಲಿ ಭರ್ರನೆ ಹಾದುಹೋಯಿತು. ಜನ ಹುಲ್ಲಿನ ಮೇಲೆ ಬೋರಲು ಬಿದ್ದರು. ದೂರದ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ನೋಡುತ್ತಿದ್ದವರೊಬ್ಬರು ಮಾತ್ರ "ಆಹಾ! ಏನು ಕೈಚಳಕ!" ಎಂದು ಚಪ್ಪಾಳೆ ತಟ್ಟಿದರು. ನನ್ನ ಹೆಬ್ಬೆರಳುಗಳು ಕಲ್ಲಾದವು. ವಿಮಾನದ ಜೊತೆ ಮಾನವೂ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

"ಕೊಡಿ ಅಳಿಯಂದ್ರೇ."

ಯಾರೋ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ರಿಮೋಟು ತೆಗೆದುಕೊಂಡರು. ಕಣ್ಣು ಬಿಟ್ಟರೆ ಮಾವ! ಬೆನ್ನು ನೆಟ್ಟಗಿತ್ತು. ಕಣ್ಣು ಆಕಾಶದಲ್ಲಿತ್ತು. ಹೆಬ್ಬೆರಳುಗಳು ಕಡ್ಡಿಯ ಮೇಲೆ ಇದ್ದವೋ ಇಲ್ಲವೋ ಎಂಬಷ್ಟು ಹಗುರಾಗಿ ಅಲುಗಿದವು. ವಿಮಾನ ಪೆಟ್ಟು ತಿಂದ ಹಕ್ಕಿಯಂತೆ ಒದ್ದಾಡುವುದನ್ನು ನಿಲ್ಲಿಸಿತು. ಮಟ್ಟಸವಾಯಿತು. ಮೈದಾನಕ್ಕೆ ಒಂದು ದೊಡ್ಡ ಸುತ್ತು ಹಾಕಿತು. ಎದುರಿಗೆ ಬಂದಿತು, ತಪ್ಪಲಿಲ್ಲ. ಹಿಂದಕ್ಕೆ ಹೋಯಿತು, ತಪ್ಪಲಿಲ್ಲ.

ಇಳಿಸಿದರೆ ಸಾಕು ಎಂದು ನಾವೆಲ್ಲ ಉಸಿರು ಬಿಗಿಹಿಡಿದಿದ್ದರೆ ಅವರಿಗೆ ಇನ್ನೂ ಕೆಲಸ ಬಾಕಿಯಿತ್ತು. ಮೈದಾನದ ನಟ್ಟನಡುವೆ ವಿಮಾನದ ಮೂತಿಯನ್ನು ಮೇಲೆತ್ತಿ, ವೇಗ ಇಳಿಸಿ, ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಿಬಿಟ್ಟರು. ಮೇಲೂ ಇಲ್ಲ, ಕೆಳಗೂ ಇಲ್ಲ. ಕಾಣದ ಕೊಕ್ಕೆಯೊಂದಕ್ಕೆ ನೇತುಹಾಕಿದಂತೆ ಅದು ಅಲ್ಲೇ ನಿಂತು ಗುರುಗುಟ್ಟಿತು. ಆಮೇಲೆ ಹಡಗಿನಿಂದ ಪೆಟ್ಟಿಗೆ ಇಳಿಸುವವರಂತೆ, ಒಂದಿಷ್ಟೂ ಧಕ್ಕೆಯಿಲ್ಲದೆ, ಚಕ್ರಗಳ ಮೇಲೆ ತಂದು ಕೂರಿಸಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಲ್ಲಿನಿಂದ ಎದ್ದವರು ಎದ್ದ ಹಾಗೇ ನಿಂತಿದ್ದರು.

"ಯಾರು ಸಾರ್ ಇವರು?" ಕ್ಯಾಪ್ಟನ್ ಪಿಸುಗುಟ್ಟಿದರು.

"ನಮ್ಮ ಮಾವ" ಎಂದೆ.

ಹೆಂಡತಿ ಓಡಿ ಬಂದು ಅವರ ತೋಳು ಹಿಡಿದಳು. "ಅಪ್ಪಾ! ಯಾವಾಗ ಕಲಿತ್ರಿ ಇದನ್ನ?"

"ಡ್ರಾಯರಲ್ಲಿ ಒಂದು ಡಬ್ಬಿ ಇತ್ತಲ್ಲಮ್ಮ. ಮಧ್ಯಾಹ್ನ ನೀವಿಬ್ಬರೂ ಇರಲ್ಲ. ದಿನಾ ಆಡ್ತಿದ್ದೆ. ಮೊದಲನೇ ತಿಂಗಳು ಕಮ್ಮಿ ಅಂದ್ರೂ ನಾನೂರು ವಿಮಾನ ಬೀಳಿಸಿದೀನಿ." ಒಂದು ಕ್ಷಣ ನಿಂತು, ನನ್ನ ಕಡೆ ತಿರುಗಿದರು. "ಎಡ ಬಲ ಕಷ್ಟ ಆಗಲಿಲ್ಲ ಅಳಿಯಂದ್ರೇ. ಕ್ರೇನಲ್ಲೂ ಹಾಗೇನೇ. ಕೆಳಗೆ ನಿಂತು ಸನ್ನೆ ಮಾಡೋನು ನಮಗೆ ಎದುರಾಗಿ ನಿಂತಿರ್ತಾನೆ. ಅವನ ಎಡ ನಮಗೆ ಬಲ. ನಿಮ್ಮ ಅಂಗಡೀಲೂ ಗಿರಾಕಿ ಎದುರಿಗೇ ಕೂತ್ಕೊಳ್ತಾನಲ್ಲ, ನಿಮಗೂ ಅಭ್ಯಾಸ ಇರುತ್ತೆ ಅಂತ ಸುಮ್ಮನಿದ್ದೆ."

ಇಪ್ಪತ್ತೆರಡು ವರ್ಷ! ಎದುರು ಕೂತವರ ಎಡಗಣ್ಣು ಬಲಗಣ್ಣು ಒಂದು ದಿನವೂ ಅದಲುಬದಲು ಮಾಡದ ಮಹಾನುಭಾವ ನಾನು!

ವಾಪಸು ಹೋಗುವಾಗ ವ್ಯಾನಿನಲ್ಲಿ ಕೇಳಿದೆ: "ಮಾವ, ಆ ಡಬ್ಬಿಯಲ್ಲಿ ಕಲೀತಿದ್ದೀನಿ ಅಂತ ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳೋಣ ಅಂತ ಬಂದಿದ್ದೆ. ನೀವು ಉಸಿರು ಬಿಡಬೇಡಿ ಅಂದ್ರಿ."

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ನಾನು ಕಿಟಕಿಯಾಚೆ ನೋಡಿದೆ. ಅವರು ಮಾತ್ರ ನಿಲ್ಲಿಸಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನಿಲ್ಲಿಸಿದಾಗ ಬಾಲ ಎಷ್ಟು ನಡುಗಿತು, ಬಂದರಿನಲ್ಲಿ ಒಮ್ಮೆ ಬಿರುಗಾಳಿಯಲ್ಲಿ ಪೆಟ್ಟಿಗೆ ಹೇಗೆ ತೂಗಾಡಿತ್ತು, ಹೇಳುತ್ತಲೇ ಇದ್ದರು. ಒಂದು ವರ್ಷದ ಮಾತೆಲ್ಲ ಒಟ್ಟಿಗೇ ಬರುತ್ತಿತ್ತು. ಇಪ್ಪತ್ತು ನಿಮಿಷದ ದಾರಿ. ನಲವತ್ತು ನಿಮಿಷವಾದರೂ ಮನೆ ಬರಲಿಲ್ಲ. ಒಂದೇ ಪೆಟ್ರೋಲ್ ಬಂಕನ್ನು ಮೂರನೇ ಸಲ ದಾಟಿದೆವು.

"ದಾರಿ ತಪ್ಪಿತಾ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

"ನಾನು ಬಸ್ ಡ್ರೈವರ್ ರೀ. ನನಗೆ ದಾರಿ ತಪ್ಪಲ್ಲ. ಸುಮ್ಮನೆ ಕೂತ್ಕೊಳ್ಳಿ, ಅಪ್ಪ ಮಾತಾಡ್ತಿದ್ದಾರೆ" ಎಂದಳು. ಕನ್ನಡಿಯಲ್ಲಿ ಅವಳ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಭಾನುವಾರಗಳು ನನ್ನ ಕೈತಪ್ಪಿ ಹೋದವು. ಬೆಳಗ್ಗೆ ಆರಕ್ಕೇ ಮಾವ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಫೋನು ಬರುತ್ತದೆ. "ಸಾರ್ ಇದ್ದಾರಾ?" "ಹೇಳಿ, ನಾನೇ." "ನೀವಲ್ಲ ಸಾರ್, ಸಾರ್!" ನಾನು ವಿಮಾನ ಇಳಿಸಬೇಕು, ರೆಕ್ಕೆ ಜೋಡಿಸಬೇಕು, ಪೆಟ್ರೋಲ್ ತುಂಬಬೇಕು, ಎಣ್ಣೆ ಒರೆಸಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಇಷ್ಟು ದೊಡ್ಡ ಇಂಜಿನ್ ಚಾಲೂ ಮಾಡುವಾಗ ವಿಮಾನ ಮುಂದಕ್ಕೆ ನುಗ್ಗದಂತೆ ಒಬ್ಬರು ಹಿಂದೆ ಮಂಡಿಯೂರಿ ಗಟ್ಟಿಯಾಗಿ ಹಿಡಿದಿರಬೇಕು. ಗಾಳಿಯೂ ಹೊಗೆಯೂ ಹುಲ್ಲಿನ ಚೂರೂ ಅವರ ಮುಖಕ್ಕೇ ಬಡಿಯುತ್ತವೆ. ಮಾವನವರು "ಬಿಡಿ ಅಳಿಯಂದ್ರೇ" ಎಂದಾಗ ಬಿಡಬೇಕು. ಬಿಟ್ಟ ಮೇಲೆ ಏಳಲು ನನಗೆ ಇನ್ನೊಬ್ಬರು ಕೈ ಕೊಡಬೇಕು.

ಕಳೆದ ವಾರ ಕ್ಯಾಪ್ಟನ್ ಸಂಘದ ಸದಸ್ಯರ ಪುಸ್ತಕ ತಂದು ಮಾವನವರ ಹೆಸರು ಬರೆದು, ಎದುರಿಗೆ ದಪ್ಪ ಅಕ್ಷರದಲ್ಲಿ 'ಪೈಲಟ್' ಎಂದು ಬರೆದರು.

"ನನ್ನನ್ನೂ ಸೇರಿಸ್ಕೊಳ್ಳಿ" ಎಂದೆ, ಮಂಡಿಯ ಮಣ್ಣು ಕೊಡವುತ್ತ. "ಏನೇ ಆಗಲಿ, ಕಟ್ಟಿದವನು ನಾನು."

"ಸೇರಿಸ್ಕೊಳ್ಳೋಣ ಸಾರ್. ಆದ್ರೆ..." ಅವರು ಪೆನ್ನಿನ ತುದಿಯಿಂದ ತಲೆ ಕೆರೆದುಕೊಂಡರು. "ಹಾರಿಸಲ್ಲ, ಬರೀ ಹಿಂದೆ ಬಾಲ ಹಿಡ್ಕೊಂಡಿರ್ತೀರಿ. ಅದಕ್ಕೆ ನಮ್ಮಲ್ಲಿ ಹುದ್ದೆನೇ ಇಲ್ಲ. ಏನಂತ ಬರೀಲಿ?"

"ಯೋಚನೆ ಯಾಕೆ? ಕನ್ನಡದಲ್ಲಿ ಒಳ್ಳೇ ಪದಾನೇ ಇದೆಯಲ್ಲ" ಎಂದಳು ನನ್ನ ಹೆಂಡತಿ. "ಬಾಲಂಗೋಚಿ ಅಂತ ಬರ್ಕೊಳ್ಳಿ."

ಕ್ಯಾಪ್ಟನ್ ನಗಲಿಲ್ಲ. ಗಂಭೀರವಾಗಿ ಬರೆದುಕೊಂಡು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ವಾದ ಮಾಡಬಹುದಿತ್ತು. ಆದರೆ ತುಂಬಾ ಸುಸ್ತಾಗಿತ್ತು ಸ್ವಾಮೀ, ರುಜು ಹಾಕಿದೆ.